ಉದುರಿದ ಚೂರು

"ಬುದ್ಧಿ, ನನಗೆ ಕೇಡು ಮಾಡಿದವನನ್ನು ದೇವರೇ ತಂದು ನನ್ನ ಕೈಗೆ ಒಪ್ಪಿಸಿದರೆ ನಾನು ಏನು ಮಾಡಬೇಕು?"

ಮುರಿಗೆಪ್ಪ ಗುರುಗಳನ್ನು ಹೀಗೆ ಕೇಳಿದಾಗ ಅವನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಮಠದ ಅತಿಥಿಕೋಣೆಯಲ್ಲಿ ಜ್ವರ ಹಿಡಿದು ಮಲಗಿದ್ದ ಮುದುಕನೊಬ್ಬನಿಗೆ ಅದನ್ನು ಕುಡಿಸಲು ಅವನು ಹೊರಟಿದ್ದ. ಆ ಸೇವೆಯನ್ನು ಅವನಿಗೆ ವಹಿಸಿದವರು ಗುರುಗಳೇ. ಬೆಳಗಿನ ಪೂಜೆ ಮುಗಿದಿತ್ತು. ನಾವು ನಾಲ್ಕಾರು ಮಂದಿ ಅವರ ಮುಂದೆ ಕೂತಿದ್ದೆವು. ಅಂದು ಕೇಳಿದ್ದನ್ನು ಅವರ ಕೃಪೆಯಿಂದ ನೆನಪಿರುವಷ್ಟು ಬರೆಯುತ್ತಿದ್ದೇನೆ.

"ಯಾರಪ್ಪ ಅವನು?" ಎಂದರು ಗುರುಗಳು.

"ಒಳಗೆ ಮಲಗಿದ್ದಾನಲ್ಲ, ಅವನೇ. ಇವತ್ತು ಗಡ್ಡ ತೆಗೆಸಿದ ಮೇಲೆ ಗುರುತು ಸಿಕ್ಕಿತು. ಕೋರ್ಟಿನಲ್ಲಿ ನನ್ನ ಮೇಲೆ ಸುಳ್ಳು ಸಾಕ್ಷಿ ಹೇಳಿದವನು. ಮಾಡದ ತಪ್ಪಿಗೆ ನಾನು ಜೈಲಿಗೆ ಹೋದೆ. ಅಪ್ಪ ತೀರಿಕೊಂಡಾಗ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ನನಗೆ ಸಿಗಲಿಲ್ಲ." ಮುರಿಗೆಪ್ಪನ ದನಿ ಏರಲಿಲ್ಲ. "ಅವನಿಗೆ ನನ್ನ ನೆನಪೂ ಇಲ್ಲ ಬುದ್ಧಿ. ಗಂಜಿ ಕುಡಿಯುವಾಗ ತಲೆ ತಗ್ಗಿಸಿಕೊಂಡೇ ಕುಡಿಯುತ್ತಾನೆ. ಕಣ್ಣೆತ್ತಿ ನನ್ನ ಮುಖವನ್ನೂ ನೋಡುವುದಿಲ್ಲ. ಈ ಬಟ್ಟಲನ್ನು ಅವನ ಬಾಯಿಗೆ ಹಿಡಿಯಲೋ, ಮುಖಕ್ಕೆ ಎರಚಲೋ?"

ಇಷ್ಟು ದಿನ ಆ ರೋಗಿಯ ಬೆನ್ನು ಒರೆಸಿ, ಬಟ್ಟೆ ಬದಲಿಸಿದವನು ಇದೇ ಮುರಿಗೆಪ್ಪ.

"ಬಟ್ಟಲು ಕೆಳಗಿಟ್ಟು ಕೂತುಕೋ," ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಹೆಂಗಸು ಮಜ್ಜಿಗೆ ಮಾರಿ ಮಗನನ್ನು ಸಾಕುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಹಿತ್ತಾಳೆ ಕೊಡ ಹೊತ್ತು ಹೆದ್ದಾರಿಯ ಅಂಚಿನಲ್ಲಿ ಪೇಟೆಗೆ ನಡೆದು ಹೋಗುತ್ತಿದ್ದಳು. ಒಂದು ದಿನ ಒಂದು ಕಾರು ಅವಳಿಗೆ ಹೊಡೆದು ನಿಲ್ಲದೆ ಹೋಯಿತು. ಕಂಡವರಿಲ್ಲ. ಮಗ ಸುದ್ದಿ ತಿಳಿದು ಓಡಿಬಂದಾಗ ಮಜ್ಜಿಗೆ ರಸ್ತೆಯ ಮೇಲೆಲ್ಲ ಹರಿದಿತ್ತು. ತಾಯಿಗೆ ಇನ್ನೂ ಜೀವವಿತ್ತು. ಆಸ್ಪತ್ರೆಯ ದಾರಿಯಲ್ಲಿ ಹೋಯಿತು.

ಅವಳ ಅಂಗೈಯಲ್ಲಿ ಒಂದು ಚೂರು ಚುಚ್ಚಿಕೊಂಡಿತ್ತು. ಉಗುರಿನಷ್ಟು ದೊಡ್ಡದು. ಕಡು ಹಸಿರು ಬಣ್ಣ. ಮಗ ಅದನ್ನು ಪೊಲೀಸರಿಗೆ ತೋರಿಸಿದ. ರಸ್ತೆಯಲ್ಲಿ ಬಿದ್ದಿದ್ದ ಬಾಟಲಿ ಗಾಜು ಎಂದು ಅವರು ಹಿಂದಕ್ಕೆ ಕೊಟ್ಟರು. ಅವನು ಅದನ್ನು ತಾಯಿಯ ಸುಣ್ಣದ ಡಬ್ಬಿಯಲ್ಲಿ ಹಾಕಿಟ್ಟುಕೊಂಡ. ಅದಕ್ಕೆ ಅಂಟಿದ್ದ ರಕ್ತವನ್ನು ತೊಳೆಯಲಿಲ್ಲ.

ಆ ಪೇಟೆಯಲ್ಲಿ ಎನಾಮಲ್ ಕೆಲಸದವನೊಬ್ಬನಿದ್ದ. ಹಳೆಯ ಕಾಲದ ಕಾರುಗಳ ಮೂತಿಯ ಮೇಲೆ ಒಂದು ಲೋಹದ ಬಿಲ್ಲೆ ಇರುತ್ತದಲ್ಲ, ಸಿಂಹವೋ ಹಕ್ಕಿಯೋ ಇರುವಂಥದು, ಅದರ ಬಣ್ಣ ಬಳಿದ ಬಣ್ಣವಲ್ಲ. ಗಾಜಿನ ಪುಡಿಯನ್ನು ಲೋಹದ ಮೇಲೆ ತುಂಬಿ ಕುಲುಮೆಯಲ್ಲಿ ಕರಗಿಸಿದ್ದು. ಕಲ್ಲು ತಾಗಿದರೆ, ಬಿದ್ದರೆ, ಅದು ಚಕ್ಕೆಯಾಗಿ ಉದುರುತ್ತದೆ. ಉದುರಿದ ಬಿಲ್ಲೆಗಳನ್ನು ಸರಿಮಾಡಬಲ್ಲವನು ಆ ಸೀಮೆಗೆ ಅವನೊಬ್ಬನೇ. ದೂರದೂರದಿಂದ ಹಳೆಯ ಕಾರಿನ ಶೋಕಿಯವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಎಲ್ಲರೂ ಅವನನ್ನು ಯಜಮಾನ ಎಂದು ಕರೆಯುತ್ತಿದ್ದರು.

ತಾಯಿಯನ್ನು ಕಳೆದುಕೊಂಡ ಆ ಯುವಕ ಯಾರದೋ ಮಾತು ಕೇಳಿ ಅವನ ಬಳಿಗೆ ಹೋಗಿ ಡಬ್ಬಿಯನ್ನು ತೆರೆದು ತೋರಿಸಿದ. ಯಜಮಾನ ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ.

"ಇದು ಬಾಟಲಿ ಗಾಜಲ್ಲ," ಎಂದ. "ಕಾರಿನ ಬಿಲ್ಲೆಯ ಚೂರು."

"ಹಾಗಾದರೆ ಈ ಚೂರು ಉದುರಿದ ಬಿಲ್ಲೆ ಎಲ್ಲೋ ಇದೆ."

"ಇರಬೇಕು."

"ಅದು ಸರಿಮಾಡಿಸಲು ನಿಮ್ಮಲ್ಲಿಗೇ ಬರಬೇಕು."

ಯಜಮಾನ ಕುಲುಮೆಯ ಕಡೆಗೆ ತಿರುಗಿದ.

"ನನಗೆ ಈ ಕೆಲಸ ಕಲಿಸಿ," ಎಂದ ಯುವಕ. ಯಜಮಾನ ಒಪ್ಪಿದ.

ಮೊದಲ ಮಳೆಗಾಲವೆಲ್ಲ ಯಜಮಾನ ಅವನಿಗೆ ಒಂದೇ ಕೆಲಸ ಕೊಟ್ಟ. ಗಾಜಿನ ಪುಡಿಯನ್ನು ನೀರಿನಲ್ಲಿ ತೊಳೆಯುವುದು. ಅರೆದ ಪುಡಿಗೆ ನೀರು ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಚೆಲ್ಲಿ ಮತ್ತೆ ಹಾಕಬೇಕು. ತಿಳಿನೀರು ನಿಲ್ಲುವವರೆಗೂ ಬಿಡಬಾರದು. ಸಾಕು ಎಂದು ಇವನಿಗೆ ಅನ್ನಿಸಿದಾಗಲೆಲ್ಲ ಯಜಮಾನ ಬಗ್ಗಿ ನೋಡಿ, "ಇನ್ನೊಂದು ಸಲ ತೊಳಿ," ಎನ್ನುತ್ತಿದ್ದ. "ಕೊಳೆ ಒಂದಿಷ್ಟು ಉಳಿದರೂ ಬೆಂಕಿಯಲ್ಲಿ ಕಪ್ಪಾಗುತ್ತದೆ. ಗಾಜಿನೊಳಗೆ ಸೇರಿದ ಕಪ್ಪನ್ನು ಆಮೇಲೆ ಯಾರಪ್ಪನೂ ತೆಗೆಯಲಾರ."

ಇನ್ನೊಂದು ಪದ್ಧತಿಯನ್ನೂ ಯಜಮಾನ ಕಲಿಸಿದ. ಗಿರಾಕಿ ಒಡೆದ ಬಿಲ್ಲೆ ತಂದಾಗ ಮೊದಲು ಕೇಳಬೇಕಾದ ಮಾತು ಒಂದೇ. ಉದುರಿದ ಚೂರು ತಂದಿದ್ದೀರಾ? ಏಕೆಂದರೆ ಹಳೆಯ ಗಾಜಿಗೆ ಹೊಸ ಗಾಜು ಕೂಡುವುದಿಲ್ಲ. ಬೆಂಕಿಯಲ್ಲಿ ಕೂಡಿದಂತೆ ಕಂಡರೂ ಆರುವಾಗ ಒಂದು ಬೇಗ ಕುಗ್ಗುತ್ತದೆ, ಇನ್ನೊಂದು ತಡವಾಗಿ. ಬಿರುಕು ಬಿಡುತ್ತದೆ. ಚೂರು ಇಲ್ಲದಿದ್ದರೆ ಸುತ್ತಲಿನ ಒಳ್ಳೆಯ ಬಣ್ಣವನ್ನೂ ಕೆತ್ತಿ ತೆಗೆದು ಎಲ್ಲವನ್ನೂ ಹೊಸದಾಗಿ ತುಂಬಬೇಕು. ಅದೇ ಚೂರು ಸಿಕ್ಕರೆ ಅದನ್ನೇ ಅದರ ಜಾಗದಲ್ಲಿ ಕೂರಿಸಿ ಕರಗಿಸಿದರೆ ಆಯಿತು.

ಗಿರಾಕಿಗಳು ನಗುತ್ತಿದ್ದರು. "ಬಿದ್ದ ಹಲ್ಲನ್ನು ಯಾರಾದರೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೇನಯ್ಯಾ?" ಎನ್ನುತ್ತಿದ್ದರು.

ಯುವಕ ಮಾತ್ರ ತಿರುಗುತ್ತಿದ್ದ. ಸುಣ್ಣದ ಡಬ್ಬಿ ಸದಾ ಅವನ ಸೊಂಟದಲ್ಲಿರುತ್ತಿತ್ತು. ಚೂರು ತಂದಿದ್ದೀರಾ ಎಂದು ಕೇಳುವಾಗ ಅವನು ಬಿಲ್ಲೆಯನ್ನು ನೋಡುತ್ತಿರಲಿಲ್ಲ. ಗಿರಾಕಿಯ ಮುಖ ನೋಡುತ್ತಿದ್ದ. ಗಿರಾಕಿ ಎದ್ದು ಹೋದ ಮೇಲೆ ಡಬ್ಬಿ ತೆರೆದು ಚೂರನ್ನು ಬಿಲ್ಲೆಯ ಗಾಯಕ್ಕೆ ಹಿಡಿದು ನೋಡುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಯುವಕ ನುರಿತ ಕೆಲಸಗಾರನಾದ. ಯಜಮಾನ ಅವನನ್ನು ಮನೆಯಲ್ಲೇ ಇಟ್ಟುಕೊಂಡ, ತಾನೇ ಮುಂದೆ ನಿಂತು ಮದುವೆ ಮಾಡಿಸಿದ. ಹಬ್ಬದ ದಿನ ಮೊದಲ ಎಲೆ ಅವನಿಗೇ ಹಾಕಿಸುತ್ತಿದ್ದ. ತಾಯಿಯ ಜೊತೆಗೆ ತನ್ನ ಲೋಕವೆಲ್ಲ ಹೋಯಿತು ಎಂದುಕೊಂಡಿದ್ದವನಿಗೆ ಮತ್ತೊಂದು ಮನೆ ಸಿಕ್ಕಿತು. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವಾಗ ಅವನು ಎರಡು ಮಾತು ಹೇಳುತ್ತಿದ್ದ. ಯಜಮಾನರನ್ನು ಚೆನ್ನಾಗಿಡು. ಆ ಪಾಪಿಯನ್ನು ನನಗೆ ತೋರಿಸು.

ಒಮ್ಮೆ ಒಬ್ಬ ವ್ಯಾಪಾರಿ ಬಂದ. ಅವನು ತಂದ ಬಿಲ್ಲೆಯಲ್ಲಿ ಕಡು ಹಸಿರು ನೆಲದ ಮೇಲೆ ಬಿಳಿಯ ಹಂಸವಿತ್ತು. ಹಂಸದ ಕೊರಳ ಪಕ್ಕದಲ್ಲಿ ಹಸಿರು ಉದುರಿತ್ತು. ಕೆಲಸಗಾರನಿಗೆ ತಡೆಯಲಾಗಲಿಲ್ಲ. ವ್ಯಾಪಾರಿಯ ಕಣ್ಣೆದುರಿಗೇ ಡಬ್ಬಿ ತೆರೆದು ಚೂರನ್ನು ಹಿಡಿದ. ಹೆಚ್ಚುಕಡಿಮೆ ಕೂತಿತು. ಅವನು ಬಾಗಿಲಿಗೆ ಅಗುಳಿ ಹಾಕಿ ವ್ಯಾಪಾರಿಯ ಕುತ್ತಿಗೆಯ ಪಟ್ಟಿ ಹಿಡಿದ. ಇನ್ನೊಂದು ಕೈಯಲ್ಲಿ ಕುಲುಮೆಯ ಇಕ್ಕಳವಿತ್ತು. ಅದರ ತುದಿ ಕೆಂಪಗಿತ್ತು.

ಒಳಗಿನಿಂದ ಯಜಮಾನ ಓಡಿಬಂದ. "ಬಿಡು. ಅವನಲ್ಲ. ಇದು ಆ ಬಿಲ್ಲೆ ಅಲ್ಲ."

ಕೆಲಸಗಾರ ಕೈ ಬಿಟ್ಟ. ಮತ್ತೆ ಹಿಡಿದು ನೋಡಿದ. ಹೌದು, ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿತ್ತು. ಅವನು ವ್ಯಾಪಾರಿಯ ಕಾಲಿಗೆ ಬಿದ್ದ. ಆ ಸಂಜೆ ಯಜಮಾನನ ಕಾಲಿಗೂ ಬಿದ್ದು, "ನೀವು ಇಲ್ಲದಿದ್ದರೆ ಇವತ್ತು ನಾನು ಕೊಲೆಗಾರನಾಗುತ್ತಿದ್ದೆ," ಎಂದ. ಯಜಮಾನ ಆ ದಿನ ಊಟ ಮಾಡಲಿಲ್ಲ.

ಇನ್ನೂ ಕೆಲವು ಕಾಲ ಹೋಯಿತು. ಯಜಮಾನನ ಕಣ್ಣು ಮಂಜಾಯಿತು, ಕೈ ನಡುಗತೊಡಗಿತು. ಅಂಗಡಿಯನ್ನು ಕೆಲಸಗಾರನಿಗೆ ಬಿಟ್ಟು ಮನೆಯಲ್ಲಿ ಕೂತ.

ಒಂದು ಬೆಳಿಗ್ಗೆ ಯಜಮಾನ ಕೋಲೂರಿಕೊಂಡು ಅಂಗಡಿಗೆ ಬಂದ. ತನ್ನ ಹಳೆಯ ಮಣೆಯ ಮೇಲೆ ಕೂರಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

ಕೆಲಸಗಾರ ನಕ್ಕ. "ಏನು ಯಜಮಾನರೇ, ನಿಮ್ಮ ಜಾಗ ಮರೆತುಹೋಯಿತೋ? ಆ ಸ್ಟೂಲಿನ ಕಾಲು ಮೂರೇ ಗಟ್ಟಿ, ಜೋಕೆ."

"ಇವತ್ತು ಗಿರಾಕಿಯಾಗಿ ಬಂದಿದ್ದೇನೆ," ಎಂದ ಯಜಮಾನ. ಮಡಿಲಿನಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ.

"ಗಿರಾಕಿಯಾದರೆ ಸರತಿಯಲ್ಲಿ ಕಾಯಬೇಕಾಗುತ್ತದೆ," ಎಂದು ತಮಾಷೆ ಮಾಡುತ್ತಲೇ ಕೆಲಸಗಾರ ಗಂಟು ಬಿಚ್ಚಿದ. ಹಸಿರು ನೆಲ, ಬಿಳಿ ಹಂಸ. ಕೊರಳ ಪಕ್ಕದಲ್ಲಿ ಉದುರಿದ ಗಾಯ. ಅವನ ಮನಸ್ಸಿಗೆ ಏನೂ ಹೊಳೆಯಲಿಲ್ಲ. ಇಷ್ಟು ವರ್ಷ ಎಲ್ಲರ ಮುಖ ನೋಡಿದವನು ಈ ಒಂದು ಮುಖವನ್ನು ಆ ಕಣ್ಣಿನಿಂದ ನೋಡಿದವನೇ ಅಲ್ಲ. ಅಭ್ಯಾಸಬಲದಿಂದ ಬಾಯಿ ತಾನಾಗಿ ಕೇಳಿತು.

"ಚೂರು ತಂದಿದ್ದೀರಾ?"

"ಚೂರು ನಿನ್ನ ಹತ್ತಿರ ಇದೆ," ಎಂದ ಯಜಮಾನ.

ಇಲ್ಲಿ ಗುರುಗಳು ಕತೆ ನಿಲ್ಲಿಸಿದರು. ನನ್ನ ಪಕ್ಕದಲ್ಲಿ ಕೂತವನು ಅರಿಯದೆ ನನ್ನ ಮೊಣಕೈ ಹಿಡಿದುಕೊಂಡಿದ್ದ. ಮುರಿಗೆಪ್ಪ ನೆಲ ನೋಡುತ್ತಿದ್ದ. ಗುರುಗಳು ನೀರು ಕುಡಿದು ಮುಂದುವರಿಸಿದರು.

ಕೆಲಸಗಾರ ಮೊದಲು ಕೇಳಿದ್ದು ತಾಯಿಯ ಮಾತನ್ನಲ್ಲ.

"ಅವತ್ತು ಆ ವ್ಯಾಪಾರಿ ತಂದದ್ದು ಆ ಬಿಲ್ಲೆ ಅಲ್ಲ ಅಂದಿರಿ. ನಿಮಗೆ ಹೇಗೆ ಗೊತ್ತಾಯಿತು?"

"ಚೂರು ಉದುರಿದ ಬಿಲ್ಲೆ ನನ್ನ ಪೆಟ್ಟಿಗೆಯಲ್ಲಿತ್ತು."

ಆಮೇಲೆ ಯಜಮಾನ ತಾನಾಗಿ ಹೇಳಿದ. ಕಾರು ಒಬ್ಬ ಗಿರಾಕಿಯದು. ಹೊಸದಾಗಿ ಮಾಡಿದ ಬಿಲ್ಲೆಯನ್ನು ಕೂರಿಸಿ, ಗಿರಾಕಿಯ ಮನೆಗೆ ಒಪ್ಪಿಸಲು ತಾನೇ ಓಡಿಸಿಕೊಂಡು ಹೊರಟಿದ್ದ. ತನ್ನ ಕೈಕೆಲಸ ಎಳೆಬಿಸಿಲಿಗೆ ಹೇಗೆ ಹೊಳೆಯುತ್ತದೆಂದು ಬಿಲ್ಲೆಯನ್ನೇ ನೋಡುತ್ತಿದ್ದ. ರಸ್ತೆ ನೋಡಲಿಲ್ಲ. ಕೊಡದ ಕಂಠ ಬಿಲ್ಲೆಗೆ ತಾಗಿದ ಸದ್ದು ಕೇಳಿತು. ಕನ್ನಡಿಯಲ್ಲಿ ಅವಳು ಏಳಲು ನೋಡಿದ್ದು ಕಾಣಿಸಿತು. ಎದ್ದಾಳು ಎಂದುಕೊಂಡು ಹೋಗಿಬಿಟ್ಟ. ದಾರಿಯಲ್ಲೇ ಒಡೆದ ಬಿಲ್ಲೆಯನ್ನು ಬಿಚ್ಚಿ, ಕೆಲಸ ಇನ್ನೂ ಬಾಕಿ ಇದೆ ಎಂದು ಗಿರಾಕಿಗೆ ಹೇಳಿ, ಆಮೇಲೆ ಬೇರೆ ಬಿಲ್ಲೆ ಮಾಡಿಕೊಟ್ಟ. ಅಂದಿನಿಂದ ಯಾವ ಕಾರನ್ನೂ ಓಡಿಸಲಿಲ್ಲ.

"ಅಮ್ಮ ಆಗಲೇ ಸತ್ತಿರಲಿಲ್ಲ," ಎಂದ ಕೆಲಸಗಾರ. "ನೀವು ನಿಂತಿದ್ದರೆ ಬದುಕುತ್ತಿದ್ದಳು."

"ಗೊತ್ತು. ನೀನು ಮೊದಲ ದಿನ ಬಂದಾಗಲೇ ಹೇಳಿದ್ದೆ."

"ಆ ಪಾಪ ತೀರಿಸಿಕೊಳ್ಳುವುದಕ್ಕೆ ನನಗೆ ಕೆಲಸ ಕಲಿಸಿದಿರಾ?"

"ಮೊದಲು ಅದಕ್ಕೇ. ಆಮೇಲೆ ನೀನು ಮನೆಮಗನಾದೆ. ಏತಕ್ಕೆ ಶುರುಮಾಡಿದೆ ಎಂಬುದೇ ಒಂದೊಂದು ದಿನ ಮರೆತುಹೋಗುತ್ತಿತ್ತು. ಮೊದಲಿನದಕ್ಕಿಂತ ಇದೇ ದೊಡ್ಡ ತಪ್ಪು."

ಕೆಲಸಗಾರ ಎದ್ದು ಹೊರಗೆ ಹೋದ. ಬೀದಿಯಲ್ಲಿ ಸುಮ್ಮನೆ ನಿಂತ. ಪಕ್ಕದ ಅಂಗಡಿಯವನು ಏನೋ ಮಾತಾಡಿಸಿದ, ಅದು ಕೇಳಿಸಲಿಲ್ಲ. ತಿನ್ನುವ ಅನ್ನ, ಕೈಯ ವಿದ್ಯೆ, ಹೆಂಡತಿ, ಮಕ್ಕಳಿಗೆ ಇಟ್ಟ ಹೆಸರು, ಎಲ್ಲವೂ ಆ ಮುದುಕ ಕೊಟ್ಟದ್ದು. ತಾಯಿಯನ್ನು ತೆಗೆದವನೂ ಅವನೇ. ಒಂದನ್ನು ಉಗುಳಿದರೆ ಇನ್ನೊಂದೂ ಹೋಗುತ್ತದೆ. ಬೆಳಿಗ್ಗೆ ದೇವರಿಗೆ ಹೇಳುತ್ತಿದ್ದ ಎರಡು ಮಾತೂ ಒಬ್ಬನ ಬಗ್ಗೆಯೇ ಎಂದು ಆಗ ತಿಳಿಯಿತು.

ಅವನು ಒಳಗೆ ಬಂದಾಗ ಯಜಮಾನ ಅದೇ ಸ್ಟೂಲಿನ ಮೇಲಿದ್ದ. ಓಡಿಹೋಗಿರಲಿಲ್ಲ. ಇಕ್ಕಳವನ್ನು ತಾನೇ ಕುಲುಮೆಯಲ್ಲಿ ಕಾಯಲು ಇಟ್ಟಿದ್ದ. ಅದರ ಹಿಡಿ ಕೆಲಸಗಾರನ ಕಡೆಗೆ ತಿರುಗಿತ್ತು.

ಕೆಲಸಗಾರ ಅದನ್ನು ನೋಡಿದ. ಮೇಜಿನ ಮುಂದೆ ಕೂತು ಸುಣ್ಣದ ಡಬ್ಬಿ ತೆರೆದ. ಚೂರನ್ನು ತೆಗೆದು ಬಿಲ್ಲೆಯ ಗಾಯಕ್ಕೆ ಹಿಡಿದ. ಎಲ್ಲ ಅಂಚೂ ಕೂತವು. ನಡುವೆ ಕೂದಲೆಳೆ ತೂರುವಷ್ಟೂ ಸಂದಿ ಉಳಿಯಲಿಲ್ಲ. ಅವನು ಚೂರನ್ನು ಮತ್ತೆ ತೆಗೆದು ನೀರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ.

ಯಜಮಾನನಿಗೆ ಕಣ್ಣು ಸರಿಯಾಗಿ ಕಾಣದಿದ್ದರೂ ನೀರಿನ ಸದ್ದು ಕೇಳಿಸಿತು. "ತೊಳೆಯಬೇಡ," ಎಂದ. "ಹಾಗೇ ಇಟ್ಟು ಸುಡು. ಕಪ್ಪು ಗೆರೆ ಬರಲಿ. ನಾನು ಸತ್ತ ಮೇಲೂ ಅದು ಇರಲಿ. ಅದಕ್ಕೇ ಬಂದದ್ದು."

"ಕೊಳೆ ಸಮೇತ ಕುಲುಮೆಗೆ ಇಡಬಾರದು ಅಂತ ಕಲಿಸಿದವರು ಯಾರು?"

"ಇದು ಕೆಲಸದ ಮಾತಲ್ಲ."

"ಗಿರಾಕಿಯಾಗಿ ಬಂದಿದ್ದೇನೆ ಅಂದಿರಿ. ಗಿರಾಕಿ ಸುಮ್ಮನೆ ಕೂರಬೇಕು."

ಅವನು ತೊಳೆದ. ಇಷ್ಟು ವರ್ಷ ನೀರು ಸೋಕಿಸದೆ ಕಾಪಾಡಿದ್ದ ರಕ್ತ ಬಿಡಲು ಹೊತ್ತು ಹಿಡಿಯಿತು. ಮೊದಲ ನೀರು ಕಂದಾಯಿತು. ಅದನ್ನು ಚರಂಡಿಗೆ ಚೆಲ್ಲದೆ ಹಿತ್ತಲಿನ ತುಳಸಿಯ ಬುಡಕ್ಕೆ ಹಾಕಿ ಬಂದ. ಮತ್ತೆ ತೊಳೆದ. ಅಳುತ್ತಲೇ ತೊಳೆದ. ಯಜಮಾನ ಇತ್ತ ಕಡೆ ಎರಡೂ ಕೈಯಲ್ಲಿ ಕೋಲನ್ನು ಹಿಡಿದು ಕೂತಿದ್ದ. ತಿಳಿನೀರು ನಿಂತಿತು ಎನ್ನಿಸಿದಾಗ ಕೆಲಸಗಾರ ಒಂದು ಗಳಿಗೆ ತಡೆದ. ಇಬ್ಬರಿಗೂ ಆ ಹಳೆಯ ಮಾತು ನೆನಪಾಗಿರಬೇಕು. ಇನ್ನೊಂದು ಸಲ ತೊಳಿ ಎಂದು ಯಾರೂ ಹೇಳಲಿಲ್ಲ. ಅವನೇ ಇನ್ನೊಂದು ಸಲ ತೊಳೆದ.

ಬಿಲ್ಲೆಯ ಗಾಯವನ್ನೂ ತೊಳೆದು, ಚೂರನ್ನು ಕೂರಿಸಿ, ಕುಲುಮೆಗೆ ಇಟ್ಟ. ಕೆಂಪಗೆ ಕಾದ ಗಾಜಿನಲ್ಲಿ ಹಸಿರೂ ಬಿಳಿಯೂ ಗೊತ್ತಾಗುವುದಿಲ್ಲ. ಹೊರಗೆ ತೆಗೆದು ಕಲ್ಲಿನ ಮೇಲಿಟ್ಟು ಇಬ್ಬರೂ ಕಾದರು. ಆರುತ್ತ ಆರುತ್ತ ಬಣ್ಣ ಮರಳಿತು. ಕೆಲಸಗಾರ ಅದನ್ನು ಯಜಮಾನನ ಕೈಗೆ ಕೊಟ್ಟ.

ಯಜಮಾನ ಹೆಬ್ಬೆರಳಿನಿಂದ ಹಂಸದ ಕೊರಳ ಪಕ್ಕದಲ್ಲಿ ಸವರಿದ. ಮತ್ತೆ ಸವರಿದ. ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ತಂದು ನೋಡಿದ.

"ಗೆರೆ ಎಲ್ಲಿ?"

"ಇಲ್ಲ."

ಮುದುಕ ಆವರೆಗೂ ಅತ್ತಿರಲಿಲ್ಲ. ಶಿಕ್ಷೆ ತೆಗೆದುಕೊಳ್ಳಲು ಗಟ್ಟಿಯಾಗಿ ಬಂದಿದ್ದವನು ಆಗ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತುಬಿಟ್ಟ. ಕೆಲಸಗಾರ ಅವನನ್ನು ಎತ್ತಿ, ಹಳೆಯ ಮಣೆಯ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಮನೆಗೆ ಹೋದರು. ಕೆಲಸಗಾರನ ಕೈ ಮುದುಕನ ರಟ್ಟೆಯಲ್ಲಿತ್ತು, ಕಣ್ಣು ಬೇರೆ ಕಡೆಗಿತ್ತು.

ಆಮೇಲೂ ಅವನು ಗಿರಾಕಿಗಳನ್ನು ಅದೇ ಮಾತು ಕೇಳುತ್ತಿದ್ದ. ಚೂರು ತಂದಿದ್ದೀರಾ? ಆದರೆ ಕೇಳುವಾಗ ಈಗ ಬಿಲ್ಲೆಯನ್ನು ನೋಡುತ್ತಿದ್ದ.

ಗುರುಗಳು ಕತೆ ಮುಗಿಸಿ ಕಣ್ಣು ಮುಚ್ಚಿದರು.

ಮುರಿಗೆಪ್ಪ ಮುಖ ಒರೆಸಿಕೊಂಡ. ಆದರೆ ಅವನ ಮನಸ್ಸು ಇನ್ನೂ ಇಳಿದಿರಲಿಲ್ಲ. "ಬುದ್ಧಿ, ಕತೆ ದೊಡ್ಡದು. ಒಪ್ಪಿದೆ," ಎಂದ. "ಆದರೆ ಆ ಯಜಮಾನ ತಾನಾಗಿ ಬಂದ. ಗಿರಾಕಿಯ ಸ್ಟೂಲಿನ ಮೇಲೆ ಕೂತು ತನ್ನ ಬಾಯಿಂದ ಹೇಳಿದ. ಒಳಗೆ ಮಲಗಿರುವವನು ಜ್ವರ ಬಂದು ದಾರಿಯಲ್ಲಿ ಬಿದ್ದಿದ್ದಕ್ಕೆ ಮಠ ಸೇರಿದವನು. ನಾನು ಯಾರೆಂದೂ ಅವನಿಗೆ ಗೊತ್ತಿಲ್ಲ. ಕೇಳದವನಿಗೆ ನಾನು ಏನು ತೊಳೆದು ಕೊಡಲಿ?"

ಅವನು ಕೇಳಿದ್ದು ನ್ಯಾಯವೇ ಎಂದು ನಮಗೂ ಅನ್ನಿಸಿತು. ಗುರುಗಳು ಕಣ್ಣು ತೆರೆದರು. ಬಗ್ಗಿ ಗಂಜಿಯ ಬಟ್ಟಲನ್ನು ಎತ್ತಿ, ಅಂಗೈಯಿಂದ ಅದರ ತಳ ಮುಟ್ಟಿ, ಇನ್ನೂ ಬೆಚ್ಚಗಿದೆ ಎಂದು ತಿಳಿದು, ಅವನ ಕೈಗೆ ಕೊಟ್ಟರು.

"ಆ ಜ್ವರದಲ್ಲೇ ಮೂರು ಊರು ದಾಟಿ ನಡೆದು ಬಂದು, ಬಾಗಿಲಲ್ಲಿ ಅವನು ನನ್ನನ್ನು ಕೇಳಿದ ಮೊದಲ ಮಾತು, ಮುರಿಗೆಪ್ಪ ಎಂಬುವರು ಇಲ್ಲಿದ್ದಾರೆಯೇ ಅಂತ."